ಟ್ರೇಲರಿನ ಚಕ್ರಕ್ಕೆ ಟೈರು ಹಾಕುವಾಗ



ಕಬ್ಬು ಕಡಿಯುವ ಕಾಲ ಬಂತೆಂದರೆ ನಮ್ಮ ಊರುಗಳ ಟ್ರೇಲರುಗಳಿಗೆ ಬಿಡುವೆಂಬುದೇ ಇಲ್ಲ. ಹೊರೆ ಹೆಚ್ಚು, ಗದ್ದೆಯ ದಾರಿ ಕೆಟ್ಟದ್ದು. ಟೈರು ಪಂಕ್ಚರಾಗುವುದು ಸಹಜ. ಸೈಕಲ್ಲಿನ ಟೈರು ಬಿಚ್ಚಿ ಪಳಗಿದ ಕೈ ಇದಕ್ಕೂ ಹಾಗೆಯೇ ಹೋಗುತ್ತದೆ. ತಪ್ಪಾಗುವುದು ಅಲ್ಲಿಯೇ.

ಲಾರಿಯ ಚಕ್ರಗಳನ್ನೇ ಹಾಕಿಸಿರುವ ಟ್ರೇಲರನ್ನು ಒಮ್ಮೆ ಕೂತು ನೋಡಿ. ಅದರ ರಿಮ್ಮು ಒಂದೇ ತುಂಡಿನದಲ್ಲ. ಒಳಗಿನ ರಿಮ್ಮು, ಅದರ ಅಂಚಿಗೆ ಕೂರುವ ದೊಡ್ಡ ಬಳೆ, ಆ ಬಳೆ ಜಾರದಂತೆ ಹಿಡಿಯುವ ಲಾಕ್ ರಿಂಗು, ಹೀಗೆ ಮೂರು ಭಾಗಗಳಿವೆ. ಕೆಲವಕ್ಕೆ ಬಳೆ, ಲಾಕು ಎರಡೂ ಒಂದೇ ಆಗಿರುತ್ತದೆ. ದಪ್ಪ ಟೈರನ್ನು ಎಳೆದು ಹಿಗ್ಗಿಸಿ ಹಾಕಲಾಗದೆಂದು ಈ ಏರ್ಪಾಡು. ಗಾಳಿ ತುಂಬಿದಾಗ ಟೈರು ಬಳೆಯನ್ನು ಹೊರಕ್ಕೆ ನೂಕುತ್ತದೆ. ಅದನ್ನು ತಡೆದಿರುವುದು ಗಾಡಿಯೊಳಗೆ ಕೂತ ಲಾಕ್ ರಿಂಗು ಮಾತ್ರ.

ಆ ನೂಕು ಎಷ್ಟೆಂದು ಲೆಕ್ಕ ಹಾಕೋಣ. ಚದರ ಅಂಗುಲಕ್ಕೆ 80 ಪೌಂಡು ಗಾಳಿ ಇದೆಯೆನ್ನಿ. ಒಂದು ಗೇಣು ಉದ್ದ, ಒಂದು ಗೇಣು ಅಗಲದ ಜಾಗವೆಂದರೆ 81 ಚದರ ಅಂಗುಲ. ಅಷ್ಟೇ ಜಾಗದ ಮೇಲೆ 6480 ಪೌಂಡು, ಅಂದರೆ ಸುಮಾರು 29 ಕ್ವಿಂಟಾಲು. 75 ಕಿಲೋ ತೂಕದ 39 ಭತ್ತದ ಮೂಟೆಗಳು ಒಂದು ಗೇಣಿನ ಮೇಲೆ ಕೂತ ಹಾಗೆ!

ಕಳೆದ ಸುಗ್ಗಿಯಲ್ಲಿ ರಸ್ತೆ ಬದಿಯ ಒಂದು ಪಂಕ್ಚರ್ ಅಂಗಡಿಯಲ್ಲಿ ನಾನೇ ಕಂಡದ್ದಿದೆ. ಟೈರು ಹಾಕಿ ಗಾಳಿ ಬಿಟ್ಟಿದ್ದರು. ರಿಂಗು ಒಂದು ಕಡೆ ಸರಿಯಾಗಿ ಕೂತಿರಲಿಲ್ಲ. ಸುತ್ತಿಗೆ ತರಲು ಹುಡುಗ ಒಳಕ್ಕೆ ಹೋದ. ಅಷ್ಟರಲ್ಲಿ ಸಿಡಿಲು ಬಡಿದಂತೆ ಸದ್ದಾಯಿತು. ರಿಂಗು ಮೇಲಕ್ಕೆ ಹಾರಿ ತಗಡಿನ ಚಾವಣಿಯನ್ನು ತೂರಿಕೊಂಡು ಆಚೆ ಬಿತ್ತು. ಸುತ್ತಿಗೆ ಕೈಗೆ ಸಿಕ್ಕುವಂತಿದ್ದರೆ ಆ ಹುಡುಗನ ತಲೆ ಇರುತ್ತಿದ್ದುದು ಆ ರಿಂಗಿನ ನೇರಕ್ಕೆ.

ಆದುದರಿಂದ ಬಿಚ್ಚುವಾಗ ಮೊದಲ ಕೆಲಸ ಗಾಳಿ ತೆಗೆಯುವುದು. ಜಾಕು ಕೊಟ್ಟು, ಉಳಿದ ಚಕ್ರಗಳಿಗೆ ಕಲ್ಲು ಒತ್ತು ಕೊಟ್ಟ ಮೇಲೆ, ಚಕ್ರದ ನಟ್ಟಿಗೆ ಪಾನಾ ಹಾಕುವ ಮುಂಚೆಯೇ ವಾಲ್ವಿನ ಪಿನ್ನನ್ನು ಪೂರ್ತಿ ಬಿಚ್ಚಿ ತೆಗೆಯತಕ್ಕದ್ದು. “ಟೈರು ಆಗಲೇ ಚಪ್ಪಟೆಯಾಗಿದೆ ಸಾರ್, ಇನ್ನೆಲ್ಲಿ ಗಾಳಿ?” ಎಂದು ಡ್ರೈವರೊಬ್ಬ ನನ್ನನ್ನು ಕೇಳಿದ. ಪಿನ್ನು ತೆಗೆಸಿದೆ. ಬಹಳ ಹೊತ್ತು ಬುಸ್ಸೆನ್ನುತ್ತಲೇ ಇತ್ತು. ಚಪ್ಪಟೆಯಾದ ಟೈರು ಬರಿದಾದ ಟೈರಲ್ಲ. ಸದ್ದು ನಿಂತ ಮೇಲೂ ವಾಲ್ವಿನೊಳಗೆ ಸಣ್ಣ ತಂತಿ ಆಡಿಸಿ ನೋಡಿ, ಕೆಸರು ಕಟ್ಟಿಕೊಂಡಿರಬಹುದು. ಗಾಳಿ ಕಡಿಮೆಯಾದ ಟೈರಿನಲ್ಲಿ ಹೊರೆ ಎಳೆದಿದ್ದರೆ, ಚಕ್ರ ಅಲ್ಲಿರುವಂತೆಯೇ ಮತ್ತೆ ಗಾಳಿ ತುಂಬಬೇಡಿ. ಬಿಚ್ಚಿ ಒಳಗೆ ನೋಡಿಯೇ ತುಂಬಬೇಕು.

ಹಾಕುವ ಮುಂಚೆ ರಿಮ್ಮು, ಬಳೆ, ರಿಂಗುಗಳ ತುಕ್ಕನ್ನು ತಂತಿ ಬುರುಸಿನಿಂದ ಉಜ್ಜಿ ತೆಗೆಯಿರಿ. ರಿಂಗು ಕೂರುವ ಗಾಡಿಯಲ್ಲಿ ಮಣ್ಣಿನ ಹೆಕ್ಕಳೆ ಉಳಿದರೂ ಅದು ಪೂರ್ತಿ ಇಳಿಯುವುದಿಲ್ಲ. ಬಿರುಕು ಬಿಟ್ಟದ್ದು, ಬಾಗಿದ್ದು, ತುಕ್ಕು ತಿಂದು ತೆಳುವಾದದ್ದು ಗುಜರಿಗೆ ಹೋಗಲಿ, ಬೆಸುಗೆ ಹಾಕಿಸಬೇಡಿ. ಟೈರು ಕೂತಿರುವ ರಿಮ್ಮಿಗಂತೂ, ಗಾಳಿ ಇಲ್ಲದಿದ್ದರೂ, ಬೆಸುಗೆಯ ಬೆಂಕಿ ಸೋಕಲೇಬಾರದು. ಇನ್ನೊಂದು ಚಕ್ರದ ರಿಂಗನ್ನು “ಹೇಗೋ ಹಿಡಿಯುತ್ತದೆ” ಎಂದು ಇದಕ್ಕೆ ಹಾಕುವುದು ನಮ್ಮಲ್ಲಿ ಬಹಳ. ನೋಟಕ್ಕೆ ಒಂದೇ ಆದರೂ ಅಳತೆ ಕೂದಲೆಳೆಯಷ್ಟು ಬೇರೆಯಿದ್ದರೆ ಸಾಕು.

ಟ್ಯೂಬಿಗೆ ಆಕಾರ ಬರುವಷ್ಟೇ ಗಾಳಿ ಕೊಟ್ಟು ಟೈರಿನೊಳಗಿಟ್ಟು, ಫ್ಲ್ಯಾಪು ಮಡಿಚದಂತೆ ಕೂರಿಸಿ, ಅಂಚಿಗೆ ಸಾಬೂನು ನೀರು ಸವರಿ. ಎಣ್ಣೆ, ಗ್ರೀಸು ಬೇಡ, ರಬ್ಬರು ಕೆಡುತ್ತದೆ. ಬಳೆ ಇಟ್ಟು, ರಿಂಗಿನ ಒಂದು ತುದಿಯನ್ನು ಗಾಡಿಗೆ ಇಳಿಸಿ ಸುತ್ತಲೂ ಒತ್ತುತ್ತಾ ಬನ್ನಿ. ಸ್ವಲ್ಪ ಗಾಳಿ ಬಿಟ್ಟು ನಿಲ್ಲಿಸಿ ನೋಡಿ. ಎಲ್ಲಿಯಾದರೂ ಎದ್ದಿದ್ದರೆ ಗಾಳಿಯನ್ನು ಪೂರ್ತಿ ತೆಗೆದು ಮೊದಲಿನಿಂದ ಕೂರಿಸಬೇಕೇ ಹೊರತು ಸುತ್ತಿಗೆಯಿಂದ ಬಡಿಯಬಾರದು.

ಪೂರ್ತಿ ಗಾಳಿ ತುಂಬುವುದು ಕಬ್ಬಿಣದ ಬೋನಿನೊಳಗೇ ಆಗತಕ್ಕದ್ದು. ಅಮೆರಿಕದಲ್ಲಿ 1980ರಲ್ಲಿ ಇಂಥ ಚಕ್ರಗಳ ಕೆಲಸಕ್ಕೆಂದೇ ನಿಯಮ ಮಾಡಿ ಬೋನನ್ನು ಕಡ್ಡಾಯ ಮಾಡಿದರು. ಸರಪಳಿ ಸುತ್ತುವುದು ಬೋನಿಗೆ ಸಮವಲ್ಲ. ಬೋನಿರುವ ಅಂಗಡಿ ಹತ್ತು ಕಿಲೋಮೀಟರು ದೂರವಿದ್ದರೂ ಅಲ್ಲಿಗೇ ಒಯ್ಯಿರಿ. ಗಾಳಿಯ ಕೊಳವೆ ಉದ್ದವಿರಲಿ, ವಾಲ್ವಿಗೆ ತಾನೇ ಕಚ್ಚಿಕೊಳ್ಳುವಂಥದಿರಲಿ. ರಿಂಗಿನ ಎದುರಿಗೆ ಯಾರೂ ನಿಲ್ಲಬಾರದು, ಬಗ್ಗಿ ನೋಡಬಾರದು. ಮಕ್ಕಳನ್ನು ದೂರ ಕಳಿಸಿ.

ಹಳೆಯ ಸ್ಕೂಟರುಳ್ಳವರಿಗೂ ಒಂದು ಮಾತು. ಅದರ ರಿಮ್ಮು ಎರಡು ಹೋಳು. ಚಕ್ರ ಹಿಡಿದಿರುವ ನಟ್ಟುಗಳು ಬೇರೆ, ಹೋಳು ಜೋಡಿಸಿರುವ ನಟ್ಟುಗಳು ಬೇರೆ. ಗಾಳಿ ತೆಗೆಯದೆ ಎರಡನೆಯವನ್ನು ಮುಟ್ಟಬೇಡಿ.

ಚಕ್ರ ಏರಿಸಿ ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ. ಹೊರೆ ಹೊತ್ತು ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿ ಮಾಡಿ. ಮೊದಲ ಸಲ ಬಿಗಿ ಮಾಡಿದ್ದು ಸಾಮಾನ್ಯವಾಗಿ ಸಡಿಲವಾಗಿರುತ್ತದೆ.