ಮೊದಲ ಸ್ಪರ್ಧೆಗೆ ಎರಡು ನೃತ್ಯ ಸಾಕು

ಮಹಾಲಕ್ಷ್ಮಿ ಲೇಔಟಿನಿಂದ ಬರೆದಿರುವ ಸೋದರಿಯವರೇ, ಬಾಲ್‌ರೂಮಿನ ಹತ್ತು ನೃತ್ಯಗಳ ಪಟ್ಟಿ ನೋಡಿ ಗಾಬರಿಯಾಗಬೇಡಿ. ಐದು ಸ್ಟ್ಯಾಂಡರ್ಡ್, ಐದು ಲ್ಯಾಟಿನ್. ಅಷ್ಟನ್ನೂ ಹೊಸಬರು ಕುಣಿಯಬೇಕಿಲ್ಲ. ವಾಲ್ಟ್ಸ್, ಚಾ-ಚಾ ಎರಡನ್ನೇ ಆರಿಸಿಕೊಳ್ಳಿ.

ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತಿದ್ದೆ ಎಂದಿದ್ದೀರಲ್ಲ, ಅದೇ ನಿಮ್ಮ ಆಸ್ತಿ. ವಾಲ್ಟ್ಸ್ ಮೂರೆಣಿಕೆಯದು, ನಿಮಿಷಕ್ಕೆ 28ರಿಂದ 30 ಆವರ್ತ. ತಿಶ್ರ ನಡೆ ಬಲ್ಲವರಿಗೆ ಕಿವಿಗೆ ಹೊಸದಲ್ಲ. ಅರೆಮಂಡಿಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ! ಇಲ್ಲಿ ಬೆನ್ನು ನೆಟ್ಟಗಿರಬೇಕು, ಮಂಡಿ ಏರಿಳಿಯಬೇಕು.

ತೀರ್ಪುಗಾರರ ಭಯವೆಂದಿರಿ. ವೇದಿಕೆಯಲ್ಲಿ ಹಲವು ಜೋಡಿಗಳು ಒಟ್ಟಿಗೇ ಇರುತ್ತವೆ, ಸಂಗೀತ ಒಂದೂವರೆ-ಎರಡು ನಿಮಿಷ. ನಿಮ್ಮ ಮೇಲೆ ಅವರ ಕಣ್ಣು ನಿಲ್ಲುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಕಾಣುವುದು ತಾಳ, ನಿಲುವು; ಯೂಟ್ಯೂಬಿನಲ್ಲಿ ಹುಡುಕಿದ ಕಸರತ್ತಲ್ಲ. ಹೆಜ್ಜೆ ಮರೆತರೆ ನಿಲ್ಲದೆ, ಮುಂದಿನ ಆವರ್ತಕ್ಕೆ ಸೇರಿಕೊಳ್ಳಿ. ವಾಲ್ಟ್ಸ್‌ನಲ್ಲಿ ಎಲ್ಲರೂ ಅಪ್ರದಕ್ಷಿಣವಾಗಿ ಸಾಗುತ್ತಾರೆ; ಗುಂಪಿನ ನಡುವೆ ಸಾಗುವುದನ್ನು ತರಗತಿಯಲ್ಲೇ ರೂಢಿಸಿಕೊಳ್ಳಿ. ರಬ್ಬರ್ ಅಡಿಯ ಶೂ ತಿರುಗಲು ಬಿಡುವುದಿಲ್ಲ, ಸ್ವೇಡ್ ಅಡಿಯದು ಕೊಳ್ಳಿ. ಮಿನುಗುವ ಗೌನಿಗೆ ಈಗಲೇ ದುಡ್ಡು ಸುರಿಯಬೇಡಿ.

ಪರಪುರುಷನ ಕೈ ಹಿಡಿದು ಕುಣಿಯುವುದೇ ಎಂಬ ಅತ್ತೆಯವರ ಆಕ್ಷೇಪಕ್ಕೆ ವಾದ ಬೇಡ. ಒಂದು ಸಂಜೆ ಅವರನ್ನೂ ತರಗತಿಗೆ ಕರೆದೊಯ್ಯಿರಿ.