ಹುರುಳಿ ಮನೆಮಗ, ರಾಗಿ ನೆಂಟ: 4000 ವರ್ಷದ ಬೀಜ ಹೇಳುವ ಪಾಠ

ಮುಂಗಾರು ಕೈಕೊಟ್ಟು ರಾಗಿ ಹೋದ ವರ್ಷ ಹಿರೀಸಾವೆ ಕಡೆ ಹಿರಿಯರು ಹೊಲ ಬೀಳು ಬಿಡ್ತಿರಲಿಲ್ಲ, ಹುರುಳಿ ಚೆಲ್ಲುತ್ತಿದ್ದರು. ನಾವು ಹುಳ್ಳಿ ಅಂತೀವಲ್ಲ, ಅದೇ. ಈ ಬುದ್ಧಿ ಎಷ್ಟು ಹಳೆಯದು ಗೊತ್ತಾ?

ಬಳ್ಳಾರಿ ಪಕ್ಕದ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರು ಇಲ್ಲೆಲ್ಲ ಕಲ್ಲಿನ ಕೊಡಲಿ ಕಾಲದ ಜನ ದನ, ಕುರಿ ಸಾಕಿಕೊಂಡು ಬದುಕಿದ್ದರು. ಅವರು ಏನು ಬೆಳೀತಿದ್ದರು ಅಂತ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಡೋರಿಯನ್ ಫುಲ್ಲರ್, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಸಂಶೋಧನೆ ಮಾಡಿದರು.

ಪತ್ತೆ ಮಾಡಿದ್ದು ಹೇಗೆ?

ಒಲೆಯಲ್ಲಿ ಸೀದು ಇದ್ದಿಲಾದ ಕಾಳು ಕೊಳೆಯೋದಿಲ್ಲ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ ಮಣ್ಣು ತಳಕ್ಕೆ ಇಳಿಯುತ್ತೆ, ಇದ್ದಿಲ ಕಾಳು ತೇಲುತ್ತೆ. ಬಿತ್ತನೆ ಬೀಜವನ್ನು ಉಪ್ಪುನೀರಿಗೆ ಹಾಕಿ ಜೊಳ್ಳು ತೆಗೀತೀವಲ್ಲ, ಹೆಚ್ಚುಕಡಿಮೆ ಹಾಗೇ. ತೇಲಿದ್ದನ್ನು ಸಣ್ಣ ಜರಡಿಯಲ್ಲಿ ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ಬೆಳೆ ಅಂತ ಗುರುತಿಸುತ್ತಾರೆ.

ಸಿಕ್ಕಿದ್ದೇನು?

ಸುಮಾರು 4000 ವರ್ಷದ ಹಿಂದೆ ಇಲ್ಲಿನ ಮುಖ್ಯ ಬೆಳೆಗಳು ಹುರುಳಿ, ಹೆಸರು, ಕೊರಲೆ ಮತ್ತು ನವಣೆ ಜಾತಿಯ ಒಂದು ಸಣ್ಣ ಧಾನ್ಯ. ನಾಲ್ಕೂ ಮಳೆಯಾಶ್ರಿತ ಬೆಳೆಗಳೇ. ದಕ್ಷಿಣದ ರೈತರು ಇವನ್ನು ಕಾಡುಗಿಡದಿಂದ ತಾವೇ ಪಳಗಿಸಿರಬೇಕು ಅನ್ನೋದು ಫುಲ್ಲರ್ ತಂಡದ ವಾದ. ಗೋಧಿ, ಬಾರ್ಲಿ ಆಮೇಲೆ ಉತ್ತರದ ಕಡೆಯಿಂದ ಬಂದವು. ನಮ್ಮ ಮುದ್ದೆಯ ರಾಗಿ, ಸಾರಿನ ಅವರೆ ಎರಡರ ಮೂಲವೂ ಆಫ್ರಿಕಾ. ನೆಂಟ ರಾಗಿ ಈಗ ಮನೆಯವನೇ ಆಗಿದ್ದಾನೆ, ಆ ಮಾತು ಬೇರೆ.

ನಮ್ಮ ಹೊಲಕ್ಕೆ ಏನು ಪಾಠ?

1. ಮುಂಗಾರು ಬೆಳೆ ಹೋಯ್ತು ಅಂತ ಹೊಲ ಖಾಲಿ ಬಿಡಬೇಡಿ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಉತ್ತರೆ-ಹಸ್ತ ಮಳೆಯ ಹದ ನೋಡಿ ಹುರುಳಿ ಬಿತ್ತಿ. ಎಕರೆಗೆ ಸುಮಾರು 10 ಕೆ.ಜಿ. ಬೀಜ ಸಾಕು.

2. ಹುರುಳಿ ಬೇರಿನ ಗಂಟುಗಳು ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಸೇರಿಸುತ್ತವೆ. ಬಿತ್ತುವ ಮುಂಚೆ ರೈಜೋಬಿಯಂ ಉಪಚಾರ ಮಾಡಿ. ಹೊಟ್ಟು ದನಕ್ಕೆ ಮೇವು.

3. ಚೆನ್ನಾಗಿ ಕಾಯಿ ಕಟ್ಟಿದ ಗಿಡ ಆರಿಸಿ, ಅದರ ಕಾಳನ್ನು ಬೀಜಕ್ಕೆ ಬೇರೆ ಇಡಿ. ಬಿಸಿಲಲ್ಲಿ ಒಣಗಿಸಿ, ಬೂದಿ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಕಾಪಾಡಿ.

ಆ ಕಾಲದ ರೈತರು ಒಂದೊಂದು ಸುಗ್ಗಿಯಲ್ಲೂ ಬೀಜ ಎತ್ತಿಟ್ಟಿದ್ದಕ್ಕೇ ಹುರುಳಿ ನಮ್ಮ ತನಕ ಬಂತು. ಈ ಸಲ ಒಂದು ಸೇರು ಬೀಜ ನೀವೂ ಎತ್ತಿಡಿ.