128 ಬೈಟ್‌ನಲ್ಲಿ ಒಂದು ಕಾಡು, ಒಂದು ನದಿ, ಒಂದು ಗುಟ್ಟಿನ ಕೋಣೆ

ಪ್ರಶ್ನೆ: ಮನೆಯ ಟಿ.ವಿ.ಗೆ ಜೋಡಿಸುತ್ತಿದ್ದ ಮೊದಮೊದಲ ವಿಡಿಯೊ ಗೇಮ್ ಯಂತ್ರಗಳಲ್ಲಿ 128 ಬೈಟ್ ಮೆಮೊರಿ ಮಾತ್ರ ಇತ್ತೆಂದು ನಮ್ಮ ಪ್ರಾಧ್ಯಾಪಕರು ಹೇಳಿದರು. ಅಷ್ಟರಲ್ಲಿ ಓಡುವ, ಹಾರುವ ಚಿತ್ರಗಳನ್ನು ಹೇಗೆ ತೋರಿಸುತ್ತಿದ್ದರು? ಆ ಪ್ರೋಗ್ರಾಂ ಬರೆದವರ ಹೆಸರು ನಮ್ಮ ಕಿವಿಗೆ ಏಕೆ ಬಿದ್ದಿಲ್ಲ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಪ್ರಾಧ್ಯಾಪಕರ ಮನಸ್ಸಿನಲ್ಲಿದ್ದದ್ದು ಅಟಾರಿ ಕಂಪನಿಯ 'ವಿಡಿಯೊ ಕಂಪ್ಯೂಟರ್ ಸಿಸ್ಟಮ್' ಇರಬೇಕು. 1977ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಈ ಯಂತ್ರ ಮುಂದೆ 'ಅಟಾರಿ 2600' ಎಂದೇ ಹೆಸರಾಯಿತು. 128 ಬೈಟ್ ಎಷ್ಟು ಚಿಕ್ಕದೆಂದರೆ, ಇವತ್ತಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಕಾಗುಣಿತದ ಗುರುತು, ಒತ್ತಿನ ಗುರುತು ಎಲ್ಲವೂ ಬೇರೆ ಬೇರೆ ಲೆಕ್ಕ. ಆ ಪ್ರಕಾರ 128 ಬೈಟ್‌ನಲ್ಲಿ ಹಿಡಿಯುವುದು 42 ಸಂಕೇತ. ನಿಮ್ಮ ಪ್ರಶ್ನೆಯ ಮೊದಲ ವಾಕ್ಯಕ್ಕೇ ಅಲ್ಲಿ ಜಾಗ ಸಾಲದು.

ನೀವು ಕೇಳಿರುವ ಎರಡು ಪ್ರಶ್ನೆಗಳ ಬೇರು ಒಂದೇ. ಯಂತ್ರ ಅಷ್ಟು ಇಕ್ಕಟ್ಟಾಗಿದ್ದುದರಿಂದ ಒಂದೊಂದು ಆಟವನ್ನೂ ಒಬ್ಬೊಬ್ಬರೇ ಕಟ್ಟುತ್ತಿದ್ದರು. ಆಟದ ಕಲ್ಪನೆ, ಚಿತ್ರ, ಸದ್ದು, ಪ್ರೋಗ್ರಾಂ ಎಲ್ಲವೂ ಒಂದೇ ತಲೆಯಿಂದ ಬರುತ್ತಿತ್ತು. ಹಾಗೆ ನೋಡಿದರೆ ಅವರು ಕಾದಂಬರಿಕಾರರಷ್ಟೇ ಪೂರ್ಣವಾದ ಅರ್ಥದಲ್ಲಿ ಕರ್ತೃಗಳು. ಕಂಪನಿ ಮಾತ್ರ ಅವರನ್ನು ಹಾಗೆ ಕಾಣಲಿಲ್ಲ.

ಮೊದಲು ಚಿತ್ರದ ವಿಷಯ. ಈ ಯಂತ್ರದ ಪರದೆ ಸುಮಾರು 160 ಚುಕ್ಕಿ ಅಗಲ, 192 ಗೆರೆ ಎತ್ತರ. ಬರೀ ಕಪ್ಪು-ಬಿಳುಪಿನಲ್ಲಿ ಇಡೀ ಚಿತ್ರವನ್ನು ನೆನಪಿಟ್ಟುಕೊಳ್ಳಲೂ 3,840 ಬೈಟ್ ಬೇಕಾಗುತ್ತದೆ. ಇದ್ದದ್ದು ಅದರ ಮೂವತ್ತರಲ್ಲಿ ಒಂದು ಪಾಲು. ಚಿತ್ರಕ್ಕೆಂದೇ ಮೆಮೊರಿ ಇಡುವ ದಾರಿ ಆಗಲೇ ಗೊತ್ತಿತ್ತು. ಜೆರಿ ಲಾಸನ್ ಅವರ ಮುಂದಾಳತ್ವದಲ್ಲಿ 1976ರಲ್ಲಿ ಬಂದ 'ಫೇರ್‌ಚೈಲ್ಡ್ ಚಾನೆಲ್ ಎಫ್' ಯಂತ್ರದಲ್ಲಿ ಅದಕ್ಕಾಗಿ 2 ಕಿಲೊಬೈಟ್ ಇತ್ತು. ಆದರೆ ಆಗ ಮೆಮೊರಿ ದುಬಾರಿ. ಅಟಾರಿಯವರು ಚಿತ್ರದ ಮೆಮೊರಿಯನ್ನೇ ಕೈಬಿಟ್ಟರು.

ಅದರ ಬದಲಿಗೆ ಜೇ ಮೈನರ್ ಮತ್ತು ಜೋ ಡೆಕ್ವಿರ್ ಅವರು 'ಟಿಯಾ' ಎಂಬ ಚಿಪ್ ರೂಪಿಸಿದರು. ಅದಕ್ಕೆ ಗೊತ್ತಿರುವುದು ಈ ಕ್ಷಣ ಎಳೆಯುತ್ತಿರುವ ಒಂದು ಗೆರೆ ಮಾತ್ರ. ಆ ಗೆರೆಯಲ್ಲಿ 8 ಚುಕ್ಕಿ ಅಗಲದ ಎರಡು ಆಕೃತಿ, ಎರಡು ಗುಂಡು, ಒಂದು ಚೆಂಡು, ಹಿನ್ನೆಲೆಗೆ ಒಂದಿಷ್ಟು ದಪ್ಪ ಪಟ್ಟಿ. ಇಷ್ಟೇ ಅದರ ಬಂಡವಾಳ. ಹಳೆಯ ಟಿ.ವಿ.ಯ ಎಲೆಕ್ಟ್ರಾನ್ ಕಿರಣ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಚಿತ್ರ ಬಿಡಿಸುತ್ತಿತ್ತು. ಪ್ರತಿ ಗೆರೆಗೂ ಮುಂಚೆ, ಕೆಲವೊಮ್ಮೆ ಗೆರೆಯ ನಡುವೆಯೇ, ಯಾವ ಆಕೃತಿ ಎಲ್ಲಿ, ಯಾವ ಬಣ್ಣ ಎಂದು ಪ್ರೋಗ್ರಾಂ ಆ ಚಿಪ್‌ಗೆ ಹೇಳಬೇಕು. ಇಳಕಲ್ ಸೀರೆಯ ಮಗ್ಗದಲ್ಲಿ ಎಳೆ ಎಳೆಯಾಗಿ ವಿನ್ಯಾಸ ಮೂಡುವ ಹಾಗೆಯೇ ಇದು. ಆದರೆ ನೇಕಾರರು ಬೇಕೆಂದಾಗ ಲಾಳಿ ನಿಲ್ಲಿಸಬಹುದು, ಟಿ.ವಿ. ಯಾರಿಗೂ ಕಾಯುವುದಿಲ್ಲ.

ಒಂದು ಗೆರೆಗೆ ಸಿಗುತ್ತಿದ್ದ ಸಮಯ ಪ್ರೊಸೆಸರ್‌ನ 76 ಚಕ್ರ. ಅತಿ ಸಣ್ಣ ಆದೇಶಕ್ಕೂ 2 ಚಕ್ರ ಬೇಕು, ಹೆಚ್ಚಿನವಕ್ಕೆ 3, 4, 5. ಅಂದರೆ ಇಪ್ಪತ್ತು ಚಿಲ್ಲರೆ ಆದೇಶಗಳಲ್ಲಿ ಒಂದು ಗೆರೆಯ ಕೆಲಸ ಮುಗಿಯಬೇಕು. ಹೀಗೆ 192 ಗೆರೆ, ಸೆಕೆಂಡಿಗೆ 60 ಬಾರಿ. ಕಿರಣ ಪರದೆಯ ತಳ ಮುಟ್ಟಿ ಮತ್ತೆ ಮೇಲಕ್ಕೆ ಬರುವಾಗ ಸುಮಾರು 70 ಗೆರೆಗಳಷ್ಟು ಬಿಡುವು ಸಿಗುತ್ತದೆ. ಯಾರು ಯಾರಿಗೆ ಡಿಕ್ಕಿ ಹೊಡೆದರು, ಅಂಕ ಎಷ್ಟಾಯಿತು ಎಂಬ ಲೆಕ್ಕವನ್ನೆಲ್ಲ ಆ ಬಿಡುವಿನಲ್ಲೇ ಮಾಡಿ ಮುಗಿಸಬೇಕಿತ್ತು. ಇಡೀ ಪ್ರೋಗ್ರಾಂ ಕೂರಬೇಕಾದದ್ದು ಕಾರ್ಟ್ರಿಜ್‌ನ 2 ಅಥವಾ 4 ಕಿಲೊಬೈಟ್‌ನಲ್ಲಿ.

ಈ ಕಟ್ಟುಪಾಡಿನೊಳಗೆ ಒಬ್ಬೊಬ್ಬರು ಒಂದೊಂದು ಉಪಾಯ ಕಂಡುಕೊಂಡರು. ರಿಕ್ ಮಾರರ್ ಅವರು 'ಸ್ಪೇಸ್ ಇನ್ವೇಡರ್ಸ್' ಆಟವನ್ನು ಮನೆಯ ಯಂತ್ರಕ್ಕೆ ತಂದಾಗ (1980) ಒಂದು ಆಕೃತಿಯ ಮೂರು ಪ್ರತಿಗಳನ್ನು ತೋರಿಸುವ ಚಿಪ್‌ನ ಸೌಲಭ್ಯ ಬಳಸಿದರು. ಎರಡು ಆಕೃತಿಗೆ ಮೂರು ಮೂರು ಪ್ರತಿ, ಸಾಲಿಗೆ ಆರು. ಆರು ಸಾಲು ಸೇರಿ 36 ಶತ್ರುಗಳು. ಆರ್ಕೇಡ್‌ನಲ್ಲಿದ್ದ 55ಕ್ಕಿಂತ ಕಡಿಮೆಯಾದರೂ ಆಟದ ಬಿಸಿ ಕಡಿಮೆಯಾಗಲಿಲ್ಲ. ಬಾಬ್ ವೈಟ್‌ಹೆಡ್ ಅವರಿಗೆ 'ವಿಡಿಯೊ ಚೆಸ್'ನಲ್ಲಿ (1979) ಆರು ಸಾಲದು, ಸಾಲಿಗೆ ಎಂಟು ಕಾಯಿ ಬೇಕು. ಅವರು ನಾಲ್ಕು ಕಾಯಿಗಳನ್ನು ಒಂದು ಗೆರೆಯಲ್ಲಿ, ಉಳಿದ ನಾಲ್ಕನ್ನು ಮುಂದಿನ ಗೆರೆಯಲ್ಲಿ, ಹೀಗೆ ಒಂದು ಬಿಟ್ಟು ಒಂದರಂತೆ ಬರೆದರು. ಕಣ್ಣಿಗೆ ಎಂಟೂ ಇದ್ದಂತೆ ಕಾಣುತ್ತದೆ. ಯಂತ್ರ ತನ್ನ ನಡೆ ಯೋಚಿಸುವಾಗ ಮಾತ್ರ ಮಣೆ ಮಾಯವಾಗಿ ಬರೀ ಬಣ್ಣ ಹೊಳೆಯುತ್ತಿತ್ತು. ಯೋಚಿಸುವುದು, ಬಿಡಿಸುವುದು ಎರಡನ್ನೂ ಒಟ್ಟಿಗೆ ಮಾಡುವ ಶಕ್ತಿ ಆ ಪ್ರೊಸೆಸರ್‌ಗೆ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾಗುವುದು ಡೇವಿಡ್ ಕ್ರೇನ್ ಅವರ 'ಪಿಟ್‌ಫಾಲ್' (1982). ಕಾಡಿನಲ್ಲಿ ಓಡುವ ನಾಯಕನಿಗೆ 255 ದೃಶ್ಯಗಳು ಎದುರಾಗುತ್ತವೆ: ಹೊಂಡ, ಮೊಸಳೆ, ತೂಗುವ ಬಳ್ಳಿ, ನಿಧಿ. ದೃಶ್ಯಕ್ಕೆ 8 ಬೈಟ್ ಎಂದುಕೊಂಡರೂ ಕಾರ್ಟ್ರಿಜ್‌ನ ಅರ್ಧ ಜಾಗ ಅಲ್ಲೇ ಮುಗಿಯುತ್ತದೆ. ಕ್ರೇನ್ ದೃಶ್ಯಗಳನ್ನು ಸಂಗ್ರಹಿಸಿಡಲೇ ಇಲ್ಲ. ಒಂದೇ ಒಂದು ಬೈಟ್ ಇಟ್ಟುಕೊಂಡು, ಅದರ ಬಿಟ್‌ಗಳನ್ನು ಒಂದು ಸ್ಥಾನ ಸರಿಸಿ, ಖಾಲಿಯಾದ ಸ್ಥಾನಕ್ಕೆ ಕೆಲವು ಬಿಟ್‌ಗಳ 'ಎಕ್ಸಾರ್' ಫಲವನ್ನು ತುಂಬಿದರು. ಸರಿಯಾದ ಬಿಟ್‌ಗಳನ್ನು ಆರಿಸಿದರೆ ಸೊನ್ನೆ ಬಿಟ್ಟು ಉಳಿದ 255 ಸಂಖ್ಯೆಗಳೂ ಗೊಂದಲದಂತೆ ಕಾಣುವ, ಆದರೆ ಎಂದೂ ಬದಲಾಗದ ಕ್ರಮದಲ್ಲಿ ಒಂದೊಂದು ಸಲ ಬಂದುಹೋಗುತ್ತವೆ. ಆ ಸಂಖ್ಯೆಯ ಬಿಟ್‌ಗಳೇ ಮರ ಎಲ್ಲಿ, ಹೊಂಡ ಯಾವುದು ಎಂದು ತೀರ್ಮಾನಿಸುತ್ತವೆ. ನಾಯಕ ಬಲಕ್ಕೆ ಓಡಿದರೆ ಲೆಕ್ಕ ಮುಂದಕ್ಕೆ, ಎಡಕ್ಕೆ ಓಡಿದರೆ ಅದೇ ಲೆಕ್ಕ ಹಿಂದಕ್ಕೆ. ಇಡೀ ಕಾಡು ಒಂದು ಸಣ್ಣ ಸೂತ್ರದಲ್ಲಿ ಅಡಗಿ ಕೂತಿತು.

ಅದೇ ವರ್ಷ ಕ್ಯಾರಲ್ ಶಾ ಅವರು 'ರಿವರ್ ರೇಡ್'ನಲ್ಲಿ ಇದೇ ಜಾತಿಯ ಸೂತ್ರದಿಂದ ಉದ್ದಕ್ಕೂ ಹರಿಯುವ ನದಿಯನ್ನು ಹುಟ್ಟಿಸಿದರು. ಪ್ರತಿ ಬಾರಿಯೂ ಅದೇ ಸಂಖ್ಯೆಯಿಂದ ಶುರುವಾಗುವುದರಿಂದ ನದಿಯ ತಿರುವುಗಳು ಯಾವಾಗ ಆಡಿದರೂ ಅವೇ; ಆಟಗಾರ ಅವನ್ನು ಕಲಿತು ಪಳಗಬಹುದು. ಹಿನ್ನೆಲೆಯ ಅರ್ಧವನ್ನು ಕನ್ನಡಿಯಂತೆ ಮಗುಚಿ ತೋರಿಸುವ ಗುಣ ಚಿಪ್‌ಗಿತ್ತು. ಅದಕ್ಕೇ ಆ ನದಿಯ ಎರಡು ದಡಗಳೂ ಒಂದರ ಪ್ರತಿಬಿಂಬ ಇನ್ನೊಂದು. ಬರ್ಕ್ಲಿಯಲ್ಲಿ ಓದಿ 1978ರಲ್ಲಿ ಅಟಾರಿ ಸೇರಿದ ಶಾ, ವಿಡಿಯೊ ಗೇಮ್ ಬರೆಯುವುದನ್ನೇ ಉದ್ಯೋಗ ಮಾಡಿಕೊಂಡ ಮೊದಲ ಮಹಿಳೆಯರಲ್ಲಿ ಒಬ್ಬರು.

ಇನ್ನು ಹೆಸರಿನ ವಿಷಯ. ಅಟಾರಿಯ ಪೆಟ್ಟಿಗೆಗಳ ಮೇಲೆ ಬರೆದವರ ಹೆಸರು ಇರುತ್ತಿರಲಿಲ್ಲ, ಮಾರಾಟದಲ್ಲಿ ಪಾಲೂ ಇರಲಿಲ್ಲ. ಕ್ರೇನ್, ವೈಟ್‌ಹೆಡ್, ಲ್ಯಾರಿ ಕಪ್ಲಾನ್, ಅಲನ್ ಮಿಲ್ಲರ್ ಈ ನಾಲ್ವರು ಕಂಪನಿಯದೇ ಮಾರಾಟದ ಪಟ್ಟಿ ನೋಡಿ ಲೆಕ್ಕ ಹಾಕಿದರು. ಒಂದು ವರ್ಷದ ಸುಮಾರು 10 ಕೋಟಿ ಡಾಲರ್ ವಹಿವಾಟಿನಲ್ಲಿ ಶೇ 60ರಷ್ಟು ತಮ್ಮ ನಾಲ್ವರ ಆಟಗಳಿಂದಲೇ ಬಂದಿತ್ತು ಎಂದು ಕ್ರೇನ್ ಮುಂದೆ ಹೇಳಿದ್ದಾರೆ. ಹೆಸರು ಮತ್ತು ಗೌರವಧನ ಕೇಳಿದ್ದಕ್ಕೆ ಒಪ್ಪಿಗೆ ಸಿಗಲಿಲ್ಲ. ಅವರು ಹೊರಬಂದು, ಸಂಗೀತ ಉದ್ಯಮದ ಅನುಭವವಿದ್ದ ಜಿಮ್ ಲೆವಿ ಅವರ ಜೊತೆ 1979ರಲ್ಲಿ 'ಆಕ್ಟಿವಿಷನ್' ಕಟ್ಟಿದರು. ಬೇರೆಯವರ ಯಂತ್ರಕ್ಕೆ ಆಟ ಬರೆದು ಮಾರುವುದನ್ನೇ ಕಸುಬು ಮಾಡಿಕೊಂಡ ಮೊದಲ ಕಂಪನಿ ಅದು. ಅಲ್ಲಿ ಆಟದ ಜೊತೆ ಬರೆದವರ ಹೆಸರೂ ಅಚ್ಚಾಯಿತು, ಕೈಪಿಡಿಯಲ್ಲಿ ಅವರ ಫೋಟೊ ಬಂತು. ಅಟಾರಿ ಹೂಡಿದ ಮೊಕದ್ದಮೆ 1982ರಲ್ಲಿ ರಾಜಿಯಲ್ಲಿ ಮುಗಿಯಿತು.

ಅಟಾರಿಯಲ್ಲೇ ಆಟ ಬರೆಯುತ್ತಿದ್ದ ವಾರನ್ ರಾಬಿನೆಟ್ ಹಿಡಿದ ದಾರಿ ಬೇರೆ. ಮೂವತ್ತು ಕೋಣೆಗಳ 'ಅಡ್ವೆಂಚರ್' ಆಟ ಬರೆಯುವಾಗ ಅವರು ಯಾರಿಗೂ ಹೇಳದೆ ಒಂದು ಗುಟ್ಟಿನ ಕೋಣೆ ಸೇರಿಸಿದರು. ಹಿನ್ನೆಲೆಯ ಬಣ್ಣದಲ್ಲೇ ಬೆರೆತ ಒಂದು ಚುಕ್ಕಿಯನ್ನು ಹುಡುಕಿ ಸರಿಯಾದ ಜಾಗಕ್ಕೆ ಹೊತ್ತೊಯ್ದರೆ ಗೋಡೆ ದಾಟಿ ಒಳಗೆ ಹೋಗಬಹುದು. ಅಲ್ಲಿ ಇದನ್ನು ರಚಿಸಿದ್ದು ತಾನು ಎಂದು ಅವರ ಹೆಸರು ಹೊಳೆಯುತ್ತದೆ. ಅವರು ಕೆಲಸ ಬಿಟ್ಟ ಮೇಲೆ ಸಾಲ್ಟ್ ಲೇಕ್ ಸಿಟಿಯ ಹುಡುಗನೊಬ್ಬ ಅದನ್ನು ಪತ್ತೆ ಮಾಡಿ ಅಟಾರಿಗೆ ಕಾಗದ ಬರೆದ. ಚಿಪ್ ಬದಲಿಸುವ ಖರ್ಚು ದೊಡ್ಡದೆಂದು ಕಂಪನಿ ಅದನ್ನು ಹಾಗೆಯೇ ಬಿಟ್ಟಿತು. ಆಟ, ತಂತ್ರಾಂಶಗಳಲ್ಲಿ ಬಚ್ಚಿಟ್ಟ ಇಂಥ ಗುಟ್ಟುಗಳನ್ನು 'ಈಸ್ಟರ್ ಎಗ್' ಎಂದು ಕರೆಯುವ ರೂಢಿ ಈ ಪ್ರಸಂಗದಿಂದ ಹಬ್ಬಿತು.

ಮುಂದೆ ಇವರೆಲ್ಲ ಏನಾದರು? ಅಮೆರಿಕದ ವಿಡಿಯೊ ಗೇಮ್ ಮಾರುಕಟ್ಟೆ 1983ರಲ್ಲಿ ಕುಸಿಯಿತು. ಶಾ ತಾವು ಮೊದಲು ದುಡಿದಿದ್ದ ಟ್ಯಾಂಡಮ್ ಕಂಪ್ಯೂಟರ್ ಕಂಪನಿಗೆ ಮರಳಿದರು. ಅವರ ಆಟಗಳ ಕಾಗದಪತ್ರಗಳು ಈಗ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನ 'ದಿ ಸ್ಟ್ರಾಂಗ್' ವಸ್ತುಸಂಗ್ರಹಾಲಯದಲ್ಲಿವೆ. ರಾಬಿನೆಟ್ ಅಷ್ಟರಲ್ಲಾಗಲೇ 'ದಿ ಲರ್ನಿಂಗ್ ಕಂಪನಿ'ಯ ಸ್ಥಾಪಕರಲ್ಲೊಬ್ಬರಾಗಿ, ಮಕ್ಕಳು ಲಾಜಿಕ್ ಗೇಟ್ ಜೋಡಿಸುತ್ತ ಕಲಿಯುವ 'ರಾಕೀಸ್ ಬೂಟ್ಸ್' (1982) ರೂಪಿಸಿದ್ದರು. 'ಯಾರ್ಸ್ ರಿವೆಂಜ್'ನಲ್ಲಿ ಪ್ರೋಗ್ರಾಂನ ಬೈಟ್‌ಗಳನ್ನೇ ಮಿಂಚುವ ಬಣ್ಣದ ಪಟ್ಟಿಯಾಗಿ ತೋರಿಸಿ ಜಾಗ ಉಳಿಸಿದ ಹೊವರ್ಡ್ ಸ್ಕಾಟ್ ವಾರ್ಶಾ ಅವರಿಗೆ 'ಇ.ಟಿ.' ಆಟ ಬರೆಯಲು ಸಿಕ್ಕಿದ್ದು ಐದೇ ವಾರ. ಅದರ ಸೋಲಿಗೆ ಜನ ಅವರೊಬ್ಬರನ್ನೇ ದೂರಿದ್ದು ಅನ್ಯಾಯ. ಅವರು ಮುಂದೆ ಮನೋಚಿಕಿತ್ಸಕರಾದರು.

ಎಂಜಿನಿಯರಿಂಗ್ ಓದುತ್ತಿರುವ ನಿಮಗೆ ನನ್ನದೊಂದು ಒತ್ತಾಯ. 'ಸ್ಟೆಲ್ಲಾ' ಎಂಬ ಉಚಿತ ಎಮ್ಯುಲೇಟರ್ ಇದೆ. ಅದು ಅಟಾರಿ 2600 ಯಂತ್ರವನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಅನುಕರಿಸುತ್ತದೆ. ಅಸೆಂಬ್ಲಿ ಭಾಷೆಯಲ್ಲಿ ಪ್ರತಿ ಗೆರೆಗೂ ಹಿನ್ನೆಲೆಯ ಬಣ್ಣ ಬದಲಿಸುವ ಪುಟ್ಟ ಪ್ರೋಗ್ರಾಂ ಬರೆದು ಅದರಲ್ಲಿ ಓಡಿಸಿ. ಆಮೇಲೆ ಒಂದು ಆಕೃತಿಯನ್ನು ಪರದೆಯ ನಡುವೆ ನಿಲ್ಲಿಸಲು ಪ್ರಯತ್ನಿಸಿ. 76 ಚಕ್ರ ಎಷ್ಟು ಬೇಗ ಮುಗಿದುಹೋಗುತ್ತದೆಂದು ಆಗ ಗೊತ್ತಾಗುತ್ತದೆ. ಕ್ರೇನ್, ಶಾ, ವೈಟ್‌ಹೆಡ್ ಅವರ ಕೆಲಸದ ಎತ್ತರವೂ ಗೊತ್ತಾಗುತ್ತದೆ. ತರಗತಿಯಲ್ಲಿ ಮುಂದಿನ ಸಲ 128 ಬೈಟ್‌ನ ಮಾತು ಬಂದರೆ ಈ ಹೆಸರುಗಳನ್ನೂ ಹೇಳಿ.